ಮೊಳೆಯ ಬಾಗು

ಕಳೆದ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. 1799ರ ಮೇ 4ರಂದು ಬ್ರಿಟಿಷರ ಸೈನ್ಯ ಕೋಟೆಯ ಬಿರುಕಿನಿಂದ ಒಳನುಗ್ಗಿದ ಜಾಗದಲ್ಲಿ ನಿಂತು, ನದಿಯಾಚೆಯ ತೋಪುಗಳು ಇದೇ ಗೋಡೆಯನ್ನು ದಿನಗಟ್ಟಲೆ ಹೇಗೆ ಬಡಿದವು ಎಂಬುದನ್ನು ವಿವರಿಸುತ್ತಿದ್ದೆ. ಇತಿಹಾಸದ ಮೇಷ್ಟರುಗಳಿಗೆ ಆ ಜಾಗದಲ್ಲಿ ಮಾತು ತಾನಾಗಿ ಬರುತ್ತದೆ. ಆಗ ಹಿಂದಿನ ಸಾಲಿನ ಹುಡುಗನೊಬ್ಬ, "ತೋಪು ಇಲ್ದಿರೋ ಕಾಲ್ದಲ್ಲಿ ಕೋಟೆ ಹೆಂಗ್ ಒಡೀತಿದ್ರು ಮಿಸ್?" ಎಂದು ಕೇಳಿದ. ಏಣಿ, ಆನೆ, ಸುರಂಗ ಎಂದು ಮೂರು ಮಾತು ಹೇಳಿ, ಕೊನೆಗೆ ಕಲ್ಲು ಎಸೆಯುವ ಯಂತ್ರಗಳೂ ಇದ್ದವು ಎಂದೆ. ಅವನು ಬಿಡಲಿಲ್ಲ. "ಅಷ್ಟ್ ದೊಡ್ಡ ಕಲ್ಲು ಹೆಂಗ್ ಎಸೀತಿದ್ರು?" ಉತ್ತರ ನನಗೆ ಗೊತ್ತಿತ್ತು, ಆದರೆ ಪುಸ್ತಕದಲ್ಲಿ ಓದಿದವರಿಗೆ ಎಷ್ಟು ಗೊತ್ತಿರುತ್ತದೋ ಅಷ್ಟೇ. ಒಂದು ಕಡೆ ಭಾರ, ಇನ್ನೊಂದು ಕಡೆ ಕಲ್ಲು, ಭಾರ ಬಿದ್ದರೆ ಕಲ್ಲು ಹಾರುತ್ತದೆ ಎಂದು ಕೈಯಾಡಿಸಿ ತೋರಿಸಿದೆ. ಅವನ ಮುಖ ನೋಡಿದಾಗ, ಆ ಕೈಯಾಟದಿಂದ ಯಾವ ಗೋಡೆಯೂ ಬೀಳುವುದಿಲ್ಲ ಎಂಬುದು ನನಗೂ ತಿಳಿಯಿತು.

ಆ ಯಂತ್ರಕ್ಕೆ ಕನ್ನಡದಲ್ಲಿ ಹೆಸರಿಲ್ಲವೆಂದಲ್ಲ. ನಮ್ಮ ನಿಘಂಟುಗಳಲ್ಲಿ ಡೆಂಕಣಿ ಎಂಬ ಹಳೆಯ ಪದವಿದೆ, ಕಲ್ಲು ಎಸೆಯುವ ಯಂತ್ರ ಎಂದೇ ಅದರ ಅರ್ಥ. ದೆಹಲಿಯ ಸುಲ್ತಾನರ ಕಾಲದ ಪಾರಸಿ ಚರಿತ್ರಕಾರರು ಮಂಜನೀಕ್ ಎನ್ನುತ್ತಿದ್ದರು. ಅದು ಗ್ರೀಕ್ ಮೂಲದಿಂದ ಅರಬ್ಬಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದ ಮಾತು. 1301ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಸೈನ್ಯ ರಣಥಂಭೋರ್ ಕೋಟೆಗೆ ಮುತ್ತಿಗೆ ಹಾಕಿದಾಗ, ಅವನ ದೊಡ್ಡ ಸರದಾರ ನುಸ್ರತ್ ಖಾನ್ ಸತ್ತದ್ದು ಕೋಟೆಯೊಳಗಿನಿಂದ ಇಂಥದೇ ಯಂತ್ರ ಎಸೆದ ಕಲ್ಲಿನ ಪೆಟ್ಟಿನಿಂದ. ಮುತ್ತಿಗೆ ಹಾಕಿದವರಷ್ಟೇ ಅಲ್ಲ, ಮುತ್ತಿಗೆಯೊಳಗೆ ಸಿಕ್ಕವರೂ ಎಸೆಯುತ್ತಿದ್ದರು. ಈ ಒಂದು ಸಂಗತಿಯನ್ನು ನಾನು ಹದಿನೈದು ವರ್ಷ ಪಾಠದಲ್ಲಿ ಹೇಳಿದ್ದೇನೆ. ಆದರೆ ಆ ಕಲ್ಲು ಹೇಗೆ ಬಂತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ತಮ್ಮನೊಡನೆ ಇದನ್ನು ಹೇಳಿದೆ. ನಮ್ಮದು ಪಾಂಡವಪುರದ ಕಡೆಯ ಹಳ್ಳಿ. ಅವನು ಐಟಿಐ ಮುಗಿಸಿ, ಈಗ ಮೈಸೂರಿನ ಮೇಟಗಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾನೆ. ಅಪ್ಪನ ಆಲೆಮನೆ ನಿಂತ ವರ್ಷ ಮನೆಯಲ್ಲಿ ಒಬ್ಬರನ್ನು ಮಾತ್ರ ಮುಂದಕ್ಕೆ ಓದಿಸುವಷ್ಟು ದುಡ್ಡಿತ್ತು. ಓದಿದವಳು ನಾನು. ಈ ಮಾತನ್ನು ನಾವಿಬ್ಬರೂ ಎಂದೂ ಎತ್ತಿಲ್ಲ. ಇಲ್ಲಿ ಬರೆಯುತ್ತಿರುವುದೂ ಯಂತ್ರ ಮಾಡುವಾಗ ಯಾರು ಏನನ್ನು ತಿಳಿದಿದ್ದರು ಎಂಬುದು ಓದುವವರಿಗೆ ಗೊತ್ತಾಗಲೆಂದಷ್ಟೇ. ನಾನು ಮೊಬೈಲಿನಲ್ಲಿ ತೋರಿಸಿದ ಚಿತ್ರಗಳನ್ನು ಅವನು ಎರಡು ನಿಮಿಷ ನೋಡಿ, "ಮಾಡಾದ್ರೆ ಮಾಡವ ಕಣಕ್ಕ, ಅದ್ಕೇನಂತೆ" ಎಂದ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಭಾನುವಾರಗಳೆಲ್ಲ ಹೀಗೆ ಹೋದವು.

ಚಿತ್ರಗಳಲ್ಲಿ ಒಂದು, ಹದಿಮೂರನೆಯ ಶತಮಾನದ ಫ್ರಾನ್ಸಿನ ವಿಲಾರ್ ದ ಒನೆಕೂರ್ ಎಂಬಾತನ ರೇಖಾಚಿತ್ರಗಳ ಪುಸ್ತಕದ್ದು. ಅದರಲ್ಲಿ ಈ ಯಂತ್ರದ ಅಡಿಪಾಯದ ನಕ್ಷೆ ಮಾತ್ರ ಉಳಿದಿದೆ. ಎದ್ದು ನಿಂತ ಭಾಗವನ್ನು ತೋರಿಸುವ ಹಾಳೆ ಎಂದೋ ಕಳೆದುಹೋಗಿದೆ. ಅದನ್ನು ಹೇಳಿದಾಗ ತಮ್ಮ ನಕ್ಕುಬಿಟ್ಟ. ಅವನ ವರ್ಕ್‌ಶಾಪಿಗೆ ಬರುವ ಗಿರಾಕಿಗಳೂ ಅರ್ಧ ನಕ್ಷೆ ತಂದು ಪೂರ್ತಿ ಸಾಮಾನು ಕೇಳುವವರಂತೆ. ಆ ನಕ್ಷೆಯ ಪಕ್ಕದಲ್ಲಿ ವಿಲಾರ್, ತೊಲೆ ಬಿಡುವ ಹೊತ್ತಿನಲ್ಲಿ ಮೈಮೇಲೆ ಎಚ್ಚರವಿರಲಿ ಎಂಬರ್ಥದ ಒಂದು ಮಾತನ್ನು ಬರೆದಿದ್ದಾನೆ. ಅದನ್ನು ನಾನು ಓದಿ ಹೇಳಿದೆ, ತಮ್ಮ ಕೇಳಿಸಿಕೊಂಡ, ಇಬ್ಬರೂ ಮರೆತೆವು.

ಯಂತ್ರದ ಒಡಲು ಸರಳವಾದದ್ದು. ಎರಡು ಕಂಬಗಳ ನಡುವೆ ಒಂದು ಅಚ್ಚು, ಅಚ್ಚಿನ ಮೇಲೆ ಒಂದು ಉದ್ದನೆಯ ತೊಲೆ. ತೊಲೆಯ ಗಿಡ್ಡ ತುದಿಗೆ ಭಾರ, ಉದ್ದ ತುದಿಗೆ ಕವಣೆ. ಉದ್ದ ತುದಿಯನ್ನು ನೆಲಕ್ಕೆ ಎಳೆದು ಕಟ್ಟಿದರೆ ಭಾರ ಮೇಲಕ್ಕೇರುತ್ತದೆ, ಕಟ್ಟು ಬಿಚ್ಚಿದರೆ ಭಾರ ಬೀಳುತ್ತದೆ, ಉದ್ದ ತುದಿ ಮೇಲಕ್ಕೆ ಚಿಮ್ಮುತ್ತದೆ. ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತೊಲೆಯನ್ನು ಅಚ್ಚಿನ ಮೇಲೆ ಕೂರಿಸಿದ ಕೂಡಲೇ, "ಏತ ಮಾಡ್ತಿದ್ದೀರಾ?" ಎಂದು ಕೇಳಿದಳು. ಪಂಪ್‌ಸೆಟ್ಟು ಬರುವ ಮೊದಲು ಅವಳ ತವರಿನ ಬಾವಿಗೆ ಏತವಿತ್ತು, ಹಿಂದಿನ ತುದಿಗೆ ಕಲ್ಲು ಕಟ್ಟಿರುತ್ತಿದ್ದರು, ತುಂಬಿದ ಕೊಡ ಅರ್ಧ ಭಾರವೂ ಇಲ್ಲದಂತೆ ಮೇಲೆ ಬರುತ್ತಿತ್ತು. ನನ್ನ ಮಟ್ಟಿಗೆ ಅವ್ವನ ಪ್ರಶ್ನೆಯೇ ಈ ಯಂತ್ರದ ಅತ್ಯುತ್ತಮ ವಿವರಣೆ. ಏತದಲ್ಲಿ ಹಿಂದಿನ ಕಲ್ಲು ಮೆಲ್ಲಗೆ ಇಳಿಯುತ್ತಾ ಮನುಷ್ಯನ ತೋಳಿಗೆ ಆಸರೆಯಾಗುತ್ತದೆ, ಡೆಂಕಣಿಯಲ್ಲಿ ಅದೇ ಕಲ್ಲನ್ನು ಒಂದೇ ಏಟಿಗೆ ಬೀಳಬಿಡುತ್ತಾರೆ. ಮೊದಮೊದಲು ಭಾರವೂ ಇರಲಿಲ್ಲ. ಚೀನಾದಲ್ಲಿ ಹುಟ್ಟಿದ ಹಳೆಯ ಬಗೆಯಲ್ಲಿ ಗಿಡ್ಡ ತುದಿಗೆ ಹಗ್ಗಗಳನ್ನು ಕಟ್ಟಿ ಜನರೇ ಒಟ್ಟಿಗೆ ಜಗ್ಗುತ್ತಿದ್ದರು. ಜನರ ಜಾಗಕ್ಕೆ ಭಾರದ ಪೆಟ್ಟಿಗೆ ಬಂದದ್ದು ಹನ್ನೆರಡನೆಯ ಶತಮಾನದ ಹೊತ್ತಿಗೆ, ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ. ಅದೇ ಶತಮಾನದಲ್ಲಿ ಈಜಿಪ್ಟಿನ ಸುಲ್ತಾನ ಸಲಾದೀನನಿಗಾಗಿ ಅಲ್ ತರ್ಸೂಸಿ ಬರೆದ ಗ್ರಂಥದ ಚಿತ್ರದಲ್ಲಿ ಪೆಟ್ಟಿಗೆಯೂ ಇಲ್ಲ, ಕಲ್ಲು ತುಂಬಿದ ಬಲೆಯೊಂದು ತೂಗುತ್ತಿದೆ.

ನಮ್ಮ ತೊಲೆ ಹಳೆಯ ಬಾಗಿಲಿನಿಂದ ಬಿಚ್ಚಿದ ತೇಗದ ರೀಪರು, ಉದ್ದ 120 ಸೆಂಟಿಮೀಟರು. ಅಚ್ಚಿನಿಂದ ಗಿಡ್ಡ ಕಡೆಗೆ 24, ಉದ್ದ ಕಡೆಗೆ 96, ಅಂದರೆ ಒಂದಕ್ಕೆ ನಾಲ್ಕು. ಅಚ್ಚು ನೆಲದಿಂದ 75 ಸೆಂಟಿಮೀಟರು ಎತ್ತರದಲ್ಲಿತ್ತು. ಅಚ್ಚಿನ ಸರಳನ್ನು ತಮ್ಮ ಮೈಸೂರಿನಿಂದಲೇ ನಯ ಮಾಡಿಸಿ ತಂದಿದ್ದ. ನಮ್ಮ ಮನೆಯಲ್ಲಿ ಅಚ್ಚು ಎಂದರೆ ಬೆಲ್ಲದ ಅಚ್ಚು. ಹಾಗಾಗಿ ಅವನು "ಅಚ್ಚು ತಂದೆ" ಎಂದಾಗ ಅವ್ವ ಬೆಲ್ಲ ಎಲ್ಲಿ ಎಂದು ಚೀಲ ತಡಕಿದ್ದೂ ಆಯಿತು. ಭಾರಕ್ಕೆ ಅಟ್ಟದ ಮೇಲಿದ್ದ ಅಪ್ಪನ ತೂಕದ ಬಟ್ಟುಗಳನ್ನು ಇಳಿಸಿದೆವು. ಐದು ಕಿಲೋದ್ದೊಂದು, ಒಂದು ಕಿಲೋದ್ದೊಂದು, ಹತ್ತರದ್ದು ಬೇರೆ. ಎರಕದ ಕಬ್ಬಿಣಕ್ಕೆ ತುಕ್ಕು ಹಿಡಿದಿತ್ತು. ಐದರ ಬಟ್ಟಿನ ತಳದ ಗುಳಿಯಲ್ಲಿ ಕಪ್ಪಗೆ ಗಟ್ಟಿಯಾಗಿ ಕೂತಿದ್ದದ್ದನ್ನು ಮಣ್ಣೆಂದು ನಾನು ಉಗುರಿನಿಂದ ಕೆರೆದೆ. ತಮ್ಮ ಅದನ್ನು ಮೂಸಿ ನೋಡಿ, ಬೆಲ್ಲ ಎಂದ. ಹಾಗೇ ಇರಲಿ ಎಂದು ಅದನ್ನು ತೆಗೆಯಲಿಲ್ಲ.

ಎಸೆಯಲು ಮೊದಲು ಹೊಲದ ಕಲ್ಲುಗಳನ್ನೇ ಬಳಸಿದೆವು. ಎರಡು ಏಟಿಗೇ ಅವು ಸರಿಹೋಗುವುದಿಲ್ಲ ಎಂದು ಗೊತ್ತಾಯಿತು. ಒಂದು ಕಲ್ಲು ಚಪ್ಪಟೆ, ಇನ್ನೊಂದು ಉದ್ದ, ಒಂದರ ತೂಕ ಇನ್ನೊಂದಕ್ಕಿಲ್ಲ. ಹಾಗಾಗಿ ಬಿದ್ದ ದೂರ ಯಂತ್ರದ ಗುಣವೋ ಕಲ್ಲಿನ ಗುಣವೋ ಹೇಳಲು ಬರುವಂತಿರಲಿಲ್ಲ. ಮುತ್ತಿಗೆಗೆ ಹೊರಟ ಸೈನ್ಯಗಳು ಕಲ್ಲುಕುಟಿಗರನ್ನು ಜೊತೆಗಿಟ್ಟುಕೊಂಡು ಗುಂಡುಗಲ್ಲುಗಳನ್ನು ಒಂದೇ ಅಳತೆಗೆ ಕೆತ್ತಿಸುತ್ತಿದ್ದದ್ದು ಯಾಕೆಂದು ನನಗೆ ಆಗಲೇ ಅರ್ಥವಾದದ್ದು. ಗೋಡೆ ಬೀಳಬೇಕಾದರೆ ಹತ್ತು ಕಲ್ಲುಗಳು ಒಂದೇ ಜಾಗಕ್ಕೆ ಹೋಗಿ ಬಡಿಯಬೇಕು, ಹತ್ತು ಜಾಗಕ್ಕೆ ಹೋದರೆ ಗೋಡೆಗೆ ಹತ್ತು ಗೀರುಗಳಷ್ಟೇ. ನಾವು ಕೆರೆಯ ಜೇಡಿಮಣ್ಣು ತಂದು, ಅಂಗಡಿಯವರ ಎಲೆಕ್ಟ್ರಾನಿಕ್ ತಕ್ಕಡಿ ಬೇಡಿ, 75 ಗ್ರಾಮಿನ ಹಸಿ ಉಂಡೆಗಳನ್ನು ಕಟ್ಟಿ ಬಿಸಿಲಿಗಿಟ್ಟೆವು. ಒಣಗಿದ ಮೇಲೆ 60 ಗ್ರಾಮಿನ ಆಸುಪಾಸಿಗೆ ನಿಂತವು. ಭಾರ ಆರು ಕಿಲೋ, ಉಂಡೆ ಅರವತ್ತು ಗ್ರಾಂ, ಒಂದಕ್ಕೆ ನೂರು. ದೊಡ್ಡ ಯಂತ್ರಗಳಲ್ಲಿಯೂ ಲೆಕ್ಕ ಇದರ ಹತ್ತಿರದಲ್ಲೇ ಇರುತ್ತಿತ್ತು.

ಮೊದಲ ಉಂಡೆ ಹಿಂದಕ್ಕೆ ಹೋಯಿತು. ಮುಂದೆ ಕಟಾವಾದ ಕಬ್ಬಿನ ಗದ್ದೆಯಿತ್ತು, ಅಲ್ಲಿಗೆಂದು ಗುರಿಯಿಟ್ಟು ನಿಂತಿದ್ದೆವು. ಉಂಡೆ ನಮ್ಮ ತಲೆಯ ಮೇಲೆ ಹಾರಿ ಹಿತ್ತಲಿನ ಹುಲ್ಲಿನ ಮೆದೆಯೊಳಗೆ ಹೂತುಕೊಂಡಿತು. ಎರಡನೆಯದು ನೆಟ್ಟಗೆ ಆಕಾಶಕ್ಕೆ ಏರಿ, ನಾವಿಬ್ಬರೂ ದಿಕ್ಕಾಪಾಲಾಗಿ ಓಡುವಂತೆ ಮಾಡಿ, ಯಂತ್ರದ ಪಕ್ಕದಲ್ಲೇ ಬಿದ್ದು ಪುಡಿಯಾಯಿತು. ಉಂಡೆ ಬಿಟ್ಟ ಮೇಲೆ ತೊಲೆ ಒಮ್ಮೆಗೇ ನಿಲ್ಲುವುದಿಲ್ಲ, ಉಯ್ಯಾಲೆಯಂತೆ ಹಿಂದೆ ಮುಂದೆ ಆಡುತ್ತದೆ. ಅದನ್ನು ಹಿಡಿಯಲು ಹೋಗಿ ನನ್ನ ಮುಂಗೈ ಊದಿಕೊಂಡಿತು. ವಿಲಾರ್ ನೆನಪಾದ. ಅಂದಿನಿಂದ ತೊಲೆಯನ್ನು ಕೆಳಗೆ ಹಿಡಿದಿಡುವ ಕೀಲಿಗೆ ಎರಡು ಮಾರು ಹಗ್ಗ ಕಟ್ಟಿ, ಪಕ್ಕಕ್ಕೆ ಹೋಗಿ ನಿಂತು ಎಳೆಯುವುದು ರೂಢಿಯಾಯಿತು.

ನನ್ನ ಓದಿನ ಬುದ್ಧಿಗೆ ಭಾರ ಸಾಲದು ಎನಿಸಿತು. ಓದಿದ್ದರಲ್ಲೆಲ್ಲ ಭಾರದ್ದೇ ವೈಭವ. 1304ರಲ್ಲಿ ಸ್ಟರ್ಲಿಂಗ್ ಕೋಟೆಯ ಮುಂದೆ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಕಟ್ಟಿಸಿದ ವಾರ್‌ವುಲ್ಫ್ ಎಂಬ ಯಂತ್ರ ಎಷ್ಟು ಭಯಂಕರವಾಗಿತ್ತೆಂದರೆ, ಒಳಗಿದ್ದವರು ಶರಣಾಗುತ್ತೇವೆ ಎಂದರೂ ಒಂದು ಸಲ ಅದರಿಂದ ಎಸೆಸಿ ನೋಡುವವರೆಗೂ ದೊರೆ ಒಪ್ಪಲಿಲ್ಲ. ನಮ್ಮ ಕಾಲದಲ್ಲಿ, 2005ರಲ್ಲಿ, ವಾರಿಕ್ ಕೋಟೆಯಲ್ಲಿ ನಿಲ್ಲಿಸಿದ ಯಂತ್ರ 18 ಮೀಟರು ಎತ್ತರ, 22 ಟನ್ನು ತೂಕ. ಆದ್ದರಿಂದ ಆರರ ಜಾಗಕ್ಕೆ ಹತ್ತು ಕಿಲೋದ ಬಟ್ಟು ಹಾಕೋಣ ಎಂದು ಹಟ ಹಿಡಿದೆ. ತಮ್ಮ ಬೇಡ ಎನ್ನಲಿಲ್ಲ. ಚೌಕಟ್ಟನ್ನೂ ನನ್ನ ಮುಖವನ್ನೂ ಒಂದು ಸಲ ನೋಡಿ, "ಆಯ್ತು ಬುಡಕ್ಕ" ಎಂದು ಬಟ್ಟು ಬದಲಾಯಿಸಿದ. ಹಗ್ಗ ಎಳೆದೆ. ಇಡೀ ಯಂತ್ರ ನೆಲದಿಂದ ಒಂದು ಗೇಣು ಮೇಲೆದ್ದು ಕುಪ್ಪಳಿಸಿ ಅಡ್ಡಬಿತ್ತು, ಎಡಗಾಲಿನ ಬೆಸುಗೆಯ ಕಡೆ ಮರ ಸೀಳಿತು, ಉಂಡೆ ನಾಲ್ಕು ಮಾರು ದೂರ ಹೋಯಿತು. ತಮ್ಮ ಏನನ್ನೂ ಹೇಳದೆ ಫೆವಿಕಾಲ್ ಡಬ್ಬಿ ತಂದು, ಸೀಳಿಗೆ ಹಚ್ಚಿ, ಸೈಕಲ್ ಟ್ಯೂಬಿನಿಂದ ಬಿಗಿದು ಸುತ್ತಿದ. ಅವನಿಗೆ ಮೊದಲೇ ಗೊತ್ತಿತ್ತು. ನನ್ನ ಒಂದು ಭಾನುವಾರ ಹಾಳಾದರೂ ಚಿಂತೆಯಿಲ್ಲ, ನಾನೇ ಕಾಣಲಿ ಎಂದು ಬಿಟ್ಟಿದ್ದ. ಪಾಠ ಹೇಳುವುದನ್ನು ಕಸುಬು ಮಾಡಿಕೊಂಡ ನನಗೆ ಅಷ್ಟು ತಾಳ್ಮೆ ಇಲ್ಲ.

ಮುಂದಿನ ವಾರ ಅವನು ಬಟ್ಟನ್ನು ತೊಲೆಗೆ ಬಿಗಿಯುವ ಬದಲು, ಕಬ್ಬಿಣದ ಪಟ್ಟಿಯೊಂದನ್ನು ಬಗ್ಗಿಸಿ ತೊಟ್ಟಿಲಿನಂತೆ ಮಾಡಿ, ತೊಲೆಯ ತುದಿಗೆ ತೂಗುಬಿಟ್ಟ. ಬಿಗಿದ ಭಾರ ತೊಲೆಯ ಜೊತೆ ಕಮಾನಿನಂತೆ ಸುತ್ತಿಬಂದು ಚೌಕಟ್ಟನ್ನು ಎಳೆದಾಡುತ್ತದೆ, ತೂಗುವ ಭಾರ ಹೆಚ್ಚುಕಡಿಮೆ ನೆಟ್ಟಗೆ ಬೀಳುತ್ತದೆ. ನೆಟ್ಟಗೆ ಬಿದ್ದಷ್ಟೂ ಅದರ ಶಕ್ತಿ ಉಂಡೆಗೆ ಹೋಗುತ್ತದೆ, ಚೌಕಟ್ಟಿಗೆ ಹೋಗುವುದು ಕಡಿಮೆಯಾಗುತ್ತದೆ. ಯಂತ್ರದ ಕೆಳಗೆ ಚಕ್ರವಿಟ್ಟರೂ ಇದೇ ಗುಣ, ಭಾರ ಬೀಳುವಾಗ ಗಾಡಿ ತಾನೇ ಹಿಂದೆ ಮುಂದೆ ಸರಿದು ದಾರಿ ಮಾಡಿಕೊಡುತ್ತದೆ. ಅದೇ ಆರು ಕಿಲೋ, ಅದೇ ಉಂಡೆ, ಬಿಗಿದ ಭಾರದಲ್ಲಿ ಹೆಚ್ಚೆಂದರೆ 14 ಮೀಟರು ಹೋಗಿದ್ದದ್ದು ಈಗ 18ಕ್ಕೆ ಏರಿತು. ಹೈಸ್ಕೂಲಿನ ಲೆಕ್ಕದಂತೆ ಆರು ಕಿಲೋ ಭಾರ ನಲವತ್ತು ಸೆಂಟಿಮೀಟರು ಬಿದ್ದು, ಅದರ ಶಕ್ತಿ ಒಂದಿಷ್ಟೂ ಸೋರದೆ ಉಂಡೆಗೆ ಸೇರಿದರೆ ಅದು 80 ಮೀಟರು ಹೋಗಬೇಕು. ತೊಲೆಯ ಸ್ವಂತ ಭಾರ, ಅಚ್ಚಿನ ಉಜ್ಜಾಟ, ಬಿಟ್ಟ ಮೇಲೂ ಉಳಿಯುವ ಆ ಉಯ್ಯಾಲೆಯಾಟ, ಎಲ್ಲವೂ ತಮ್ಮ ಪಾಲು ತೆಗೆದುಕೊಂಡೇ ಉಂಡೆಗೆ ಬಿಡುತ್ತವೆ. ಬೆಲ್ಲ ಮಂಡಿಗೆ ಹೋಗಿ ದುಡ್ಡು ಮನೆಗೆ ಬರುವಂತೆಯೇ ಎಂದು ತಮ್ಮ ಹೇಳಿದ.

ಆದರೆ ಈ ಯಂತ್ರದ ಮರ್ಮ ಭಾರದಲ್ಲೂ ಇಲ್ಲ, ತೊಲೆಯಲ್ಲೂ ಇಲ್ಲ, ಕವಣೆಯಲ್ಲಿದೆ ಎಂಬುದು ನನಗೆ ಈಗ ಖಚಿತ. ಬರಿಯ ತೊಲೆಯ ತುದಿಗೆ ಸೌಟಿನಂಥ ಗುಳಿ ಮಾಡಿ ಉಂಡೆ ಇಟ್ಟು ನೋಡಿದಾಗ ಅದು ಆರು ಮೀಟರು ದಾಟಲಿಲ್ಲ. ಕವಣೆ ಕಟ್ಟಿದರೆ ತೊಲೆಯ ತುದಿಗೆ ಇನ್ನೊಂದು ತೋಳು ಬಂದಂತೆ, ಅದೂ ತೂಕವಿಲ್ಲದ, ತಾನಾಗಿ ಮಡಿಚಿ ಬಿಚ್ಚಿಕೊಳ್ಳುವ ತೋಳು. ನಮ್ಮದು ನೈಲಾನ್ ಹುರಿಯ ಕವಣೆ, ನಡುವೆ ಹಳೆಯ ಜೀನ್ಸಿನ ತುಂಡು. ಯಂತ್ರದ ಅಡಿಯಲ್ಲಿ ಅಡಿಕೆ ಹಾಳೆ ಹಾಸಿ, ಉಂಡೆ ಅದರ ಮೇಲೆ ಜಾರಿ ಹೋಗುವಂತೆ ಮಾಡಿದೆವು. ಹುರಿಯ ಒಂದು ಕೊನೆ ತೊಲೆಗೆ ಗಂಟು, ಇನ್ನೊಂದು ಕೊನೆಯಲ್ಲಿ ಬೀಗದ ಕೈ ಗೊಂಚಲಿನ ಉಂಗುರ. ಆ ಉಂಗುರ ತೊಲೆಯ ತುದಿಯಲ್ಲಿ ಚಾಚಿಕೊಂಡ ಮೊಳೆಗೆ ಸಿಕ್ಕಿರುತ್ತದೆ. ತೊಲೆ ಏಳುವಾಗ ಕವಣೆ ಹಿಂದಿನಿಂದ ಬೀಸಿ ಬಂದು ತೊಲೆಯನ್ನು ಹಿಂದಿಕ್ಕುತ್ತದೆ, ಆಗ ಉಂಗುರ ಮೊಳೆಯಿಂದ ಜಾರುತ್ತದೆ, ಜೀನ್ಸು ಬಾಯಿ ಬಿಡುತ್ತದೆ, ಉಂಡೆ ಹೋಗುತ್ತದೆ. ಯಾವಾಗ ಜಾರಬೇಕು ಎಂಬುದನ್ನು ತೀರ್ಮಾನಿಸುವುದು ಆ ಮೊಳೆಯ ಬಾಗು ಒಂದೇ. ಮೊಳೆ ನೆಟ್ಟಗಿದ್ದರೆ ಉಂಗುರ ಬೇಗ ಜಾರುತ್ತದೆ, ಉಂಡೆ ಮೇಲಕ್ಕೋ ಹಿಂದಕ್ಕೋ ಹೋಗುತ್ತದೆ. ಹೆಚ್ಚು ಬಾಗಿದ್ದರೆ ತಡವಾಗಿ ಜಾರಿ, ಉಂಡೆ ಮುಂದಿನ ನೆಲಕ್ಕೇ ಅಪ್ಪಳಿಸುತ್ತದೆ.

ಅದನ್ನು ಕಂಡುಹಿಡಿದ ಭಾನುವಾರ ಬೆಳಗಿನಿಂದ ಮೂರು ಗಂಟೆಯವರೆಗೆ ಬೇರೇನನ್ನೂ ಮುಟ್ಟಲಿಲ್ಲ. ನಾನು ಜಾಮಿಟ್ರಿ ಡಬ್ಬಿಯ ಕೋನಮಾಪಕ ಹಿಡಿದು ಅಳೆಯುವುದು, ತಮ್ಮ ಇಕ್ಕಳದಿಂದ ಬಗ್ಗಿಸುವುದು, ಹಗ್ಗ ಎಳೆಯುವುದು, ಟೇಪು ಹಿಡಿದು ಗದ್ದೆಗೆ ಓಡುವುದು. ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ: ಇಪ್ಪತ್ತು ಡಿಗ್ರಿಗೆ ತೆಂಗಿನ ಮರದೆತ್ತರ ಏರಿ 9 ಮೀಟರಿನಲ್ಲಿ ಬಿತ್ತು, ಐವತ್ತಕ್ಕೆ 6 ಮೀಟರಿನಲ್ಲಿ ನೆಲ ಕಚ್ಚಿತು, ಮೂವತ್ತೈದಕ್ಕೆ 23 ಮೀಟರು. ಮೂವತ್ತೈದರಲ್ಲಿ ಎಸೆದ ಐದು ಉಂಡೆಗಳಲ್ಲಿ ನಾಲ್ಕು ಒಂದು ಗೋಣಿತಟ್ಟು ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ಐದನೆಯದು ಮೂರು ಮೀಟರು ಹಿಂದೆ ಬಿದ್ದಾಗ ನಾನು ಉಂಡೆ ಸೀಳಿರಬೇಕೆಂದೆ. ತಮ್ಮ ಮೊಳೆಯ ಮೇಲೆ ಬೆರಳಾಡಿಸಿ, ಉಂಗುರ ಉಜ್ಜಿ ಉಜ್ಜಿ ಒಂದು ಕಡೆ ಸಣ್ಣ ಮುಳ್ಳು ಎದ್ದಿರುವುದನ್ನು ಹಿಡಿದ. ಅರದಿಂದ ಎರಡು ಸಲ ತೀಡಿ, ಅವ್ವನ ಹರಳೆಣ್ಣೆ ಬಾಟಲಿಯಿಂದ ಒಂದು ಹನಿ ಸವರಿದ. ಆರನೆಯದು ನಾಲ್ಕರ ಪಕ್ಕಕ್ಕೆ ಹೋಗಿ ಬಿತ್ತು.

ಅಂದು ನನ್ನ ತಲೆಯಲ್ಲಿ ಚೀನಾದ ಶಿಯಾಂಗ್‌ಯಾಂಗ್ ನಗರದ ಮುತ್ತಿಗೆ ಸುಳಿಯುತ್ತಿತ್ತು. ವರ್ಷಗಟ್ಟಲೆ ಜಗ್ಗದ ಆ ಊರು 1273ರಲ್ಲಿ ಬಿದ್ದದ್ದು, ಕುಬ್ಲಾಯ್ ಖಾನ್ ಪಶ್ಚಿಮದ ಮುಸ್ಲಿಂ ನಾಡುಗಳಿಂದ ಕರೆಸಿಕೊಂಡ ಇಸ್ಮಾಯಿಲ್ ಮತ್ತು ಅಲಾವುದ್ದೀನ್ ಎಂಬ ಇಬ್ಬರು ಕುಶಲಿಗರು ಭಾರದ ಯಂತ್ರಗಳನ್ನು ಕಟ್ಟಿ ನಿಲ್ಲಿಸಿದ ಮೇಲೆ. ಪಾಠ ಹೇಳುವಾಗ ನಾನು ಖಾನನ ಹೆಸರಿಗೆ ನಿಲ್ಲುತ್ತಿದ್ದೆ. ಮರಕ್ಕೂ ಜನಕ್ಕೂ ಖಾನನ ಬಳಿ ಕೊರತೆಯಿರಲಿಲ್ಲ. ಅವನು ಅಷ್ಟು ದೂರದಿಂದ ಕರೆಸಿದ್ದು ಇಬ್ಬರು ಮನುಷ್ಯರ ಕೈಯನ್ನು, ಮುಳ್ಳು ಎದ್ದದ್ದನ್ನು ಬೆರಳಿನಲ್ಲೇ ಹಿಡಿಯಬಲ್ಲ ಕೈಯನ್ನು ಎಂದು ಈಗ ಅನಿಸುತ್ತದೆ. ಇದು ನನ್ನ ಊಹೆ, ಚರಿತ್ರೆಯಲ್ಲ. ಆದರೂ ಈ ವರ್ಷದಿಂದ ಆ ಇಬ್ಬರ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೇನೆ.

ಶಿವರಾತ್ರಿಯ ಮರುವಾರ ಯಂತ್ರವನ್ನು ಬಿಚ್ಚಿ, ಎರಡು ಗೋಣಿಚೀಲಗಳಿಗೆ ತುಂಬಿ ಬಸ್ಸಿನಲ್ಲಿ ಶಾಲೆಗೆ ಒಯ್ದೆ. ತೂಕದ ಬಟ್ಟು ನೋಡಿದ ಕಂಡಕ್ಟರು ಲಗೇಜಿಗೆ ಬೇರೆ ಟಿಕೆಟು ಹರಿದ. ಆಟದ ಬಯಲಿನಲ್ಲಿ ಜೋಡಿಸಿ, ಇಟ್ಟಿಗೆಯ ಚೂರುಗಳಿಂದ ಒಂದು ಗೋಡೆ ಕಟ್ಟಿಸಿ, ಮಕ್ಕಳನ್ನೆಲ್ಲ ಪಕ್ಕಕ್ಕೆ ನಿಲ್ಲಿಸಿದೆ. ಪ್ರಶ್ನೆ ಕೇಳಿದ ಆ ಹುಡುಗನ ಕೈಗೇ ಹಗ್ಗ ಕೊಟ್ಟೆ. ಅವನು ಎಳೆದ. ಉಂಡೆ ನೆಟ್ಟಗೆ ಹಿಂದಕ್ಕೆ ಹಾರಿ, ನೀರಿನ ತೊಟ್ಟಿಯ ಮೇಲಿನ ತಗಡಿಗೆ ಬಡಿದು ಢಣ್ ಎಂದಿತು. ಮಕ್ಕಳ ನಗು ಹೇಳುವುದೇ ಬೇಡ. ತಮ್ಮನಿಗೆ ಫೋನು ಮಾಡಿದೆ. ಲೇತ್ ಓಡುವ ಸದ್ದಿನ ನಡುವೆ ಅವನು ಒಂದೇ ಮಾತು ಕೇಳಿದ, "ಹಿಂದ್ಕೋದ್ದಾ, ಮುಂದೆ ಕುಕ್ತಾ?" ಹಿಂದಕ್ಕೆ ಎಂದೆ. "ಚೀಲ್ದಲ್ಲಿ ಏನೋ ತಗಲಿ ಮೊಳೆ ನೆಟ್ಟಗಾಗದೆ ಕಣಕ್ಕ. ಒಸಿ ಬಗ್ಸು." ಎಷ್ಟು ಎಂದು ನಾನು ಕೇಳಲಿಲ್ಲ, ಕೋನಮಾಪಕವನ್ನೂ ತಂದಿರಲಿಲ್ಲ. ಇಕ್ಕಳ ತೆಗೆದುಕೊಂಡು, ಮೊಳೆಯ ಮೇಲೆ ಬೆರಳಿಟ್ಟು, ಆ ಭಾನುವಾರದ ಬಾಗು ಸಿಕ್ಕುವವರೆಗೆ ಮೆಲ್ಲಗೆ ಒತ್ತಿದೆ. ಆಮೇಲೆ ಹುಡುಗನನ್ನು ಹತ್ತಿರ ಕರೆದು, ಅವನ ಬೆರಳನ್ನೂ ಅಲ್ಲೇ ಇರಿಸಿ, ಇಷ್ಟು ಎಂದೆ. ಅವನು ಉಂಗುರ ಸಿಕ್ಕಿಸಿ ಹಗ್ಗ ಹಿಡಿದ.